ಹನ್ನೊಂದು ಸಾವಿರ ಸಾಲು

ಮೂರನೇ ಸಲ ಅದೇ ಜಾಲಿಗಿಡ ಎದುರಾದಾಗ ವೈಜಯಂತಿ ಸೋಲೊಪ್ಪಿಕೊಂಡಳು. ಎಂಟು ದೇಶಗಳ ರೈಲು ನಕಾಶೆ ಬಾಯಿಪಾಠವಿದ್ದವಳು ಕೃಷ್ಣೆಯ ದಂಡೆಯ ಮೂರು ಕಿಲೋಮೀಟರಿನಲ್ಲಿ ದಾರಿ ತಪ್ಪಿದ್ದಳು.

ಎಮ್ಮೆಯ ಮೈ ತೊಳೆಯುತ್ತಿದ್ದ ಹೆಂಗಸನ್ನು, ನೀಲಾಂಬಿಕಾ ಮೇಡಂ ಅವರ ಶಾಲೆಗೆ ಹೇಗೆ ಹೋಗಬೇಕು ಎಂದು ಕೇಳಿದಳು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಳು ಆಕೆ. ಎಮ್ಮೆಗೆ ಇನ್ನೆರಡು ಕೊಡ ನೀರು ಹಾಕಿ, ಸೈರನ್ ಅಕ್ಕಾರೇನು ಎಂದು ತಿರುಗಿ ಕೇಳಿದಳು.

ಹೌದು, ಅವರೇ.

“ಹೊಳಿ ಎಡಕ್ಕ ಇಟಗೊಂಡು ಹೋಗ ತಂಗಿ. ಆ ಫೋನ್ ಚೀಲದಾಗ ಹಾಕು. ಅದನ್ನ ನೋಡಕೋತ ಬಂದವರೆಲ್ಲಾ ನಮ್ಮ ಜ್ವಾಳ ತುಳದಾರ.”

ನೀಲಕ್ಕ ಒಂದು ಕಾಲಕ್ಕೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ನಿವೃತ್ತಿಯಾದ ಮೇಲೆ ಹೊಳೆದಂಡೆಯ ಎರಡು ಕೋಣೆಗಳಲ್ಲಿ ಶಿಷ್ಯರನ್ನು ಕೂರಿಸಿಕೊಂಡು ಒಂದೇ ಒಂದು ಪ್ರೋಗ್ರಾಂ ಬರೆಯುತ್ತ ಬಂದಿದ್ದರು, ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಮೇಲ್ದಂಡೆಯಲ್ಲಿ ನೀರು ಗುರುತು ದಾಟಿದರೆ ಅದು ನಡುಗಡ್ಡೆಗಳಲ್ಲಿ ಸೈರನ್ ಕೂಗಿಸುತ್ತಿತ್ತು. ಒಂಬತ್ತು ವರ್ಷ, ಹನ್ನೊಂದು ಸಾವಿರ ಸಾಲು. ಇನ್ನೂರು ಮನೆಗಳು ಅದನ್ನು ನಂಬಿ ಮಲಗುತ್ತಿದ್ದವು.

ವೈಜಯಂತಿ ಎರಡು ವರ್ಷದಿಂದ ಅವರ ಶಿಷ್ಯೆ. ಆಗ ಯಾವ ಊರಲ್ಲಿದ್ದಳೋ ಅಲ್ಲಿಂದಲೇ ಪಾಠ.

ಈಗ ನೀಲಕ್ಕನ ಕಣ್ಣು ಮಂಜಾಗುತ್ತಿತ್ತು. ಓಡುತ್ತಿರುವ ಪ್ರೋಗ್ರಾಂನಲ್ಲಿ ಬದಲಾವಣೆ ಸೇರಿಸುವ ಅಧಿಕಾರಕ್ಕೆ ಅಲ್ಲಿ ಕೀಲಿ ಎನ್ನುತ್ತಿದ್ದರು. ಅದನ್ನು ಶಿಷ್ಯರಲ್ಲಿ ಒಬ್ಬರಿಗೆ ಒಪ್ಪಿಸುವುದಾಗಿ ನೀಲಕ್ಕ ಎಲ್ಲರಿಗೂ ಪತ್ರ ಬರೆದಿದ್ದರು. ಯಾವ ಊರಲ್ಲೂ ಒಂದೂವರೆ ವರ್ಷ ನಿಲ್ಲದ ವೈಜಯಂತಿಗೆ ಆ ಕೀಲಿ ಬೇಕಾಗಿತ್ತು. ಯಾವ ನೌಕರಿಯನ್ನೂ ಅವಳು ಅಷ್ಟು ಬಯಸಿದವಳಲ್ಲ.

ಅವಳು ಹೋದಾಗ ನೀಲಕ್ಕ ಕಟ್ಟೆಯ ಮೇಲೆ ಸೇಂಗಾ ಸುಲಿಯುತ್ತಿದ್ದರು. ದಾರಿ ತಪ್ಪಿದ ಸುದ್ದಿ ಕೇಳಿ ನಕ್ಕರು. ಒಂದು ಹಿಡಿ ಸೇಂಗಾ ಅವಳ ಕಡೆಗೂ ಸರಿಸಿದರು.

ಶಿಷ್ಯರ ನಡುವೆ ಹಳೆಯದೊಂದು ಜಗಳವಿತ್ತು. ಅಲ್ಪವಿರಾಮ ಸಾಲಿನ ಮೊದಲಿಗೋ ಕೊನೆಗೋ, ಒಳಸರಿತ, ಎಂದರೆ ಸಾಲಿನ ಮುಂದೆ ಬಿಡುವ ಜಾಗ, ಎರಡು ಅಕ್ಷರವೋ ನಾಲ್ಕೋ. ಒಬ್ಬರು ತಿದ್ದಿದ್ದನ್ನು ಮತ್ತೊಬ್ಬರು ತಿರುಗಿ ತಿದ್ದುತ್ತಿದ್ದರು. ಇಂಥದ್ದನ್ನೆಲ್ಲ ತಾವಾಗಿ ಓರಣ ಮಾಡುವ ಸಲಕರಣೆಗಳಿವೆ. ಅವುಗಳನ್ನು ಹೋಲಿಸಿ ವೈಜಯಂತಿ ಇಪ್ಪತ್ಮೂರು ಕಾಲಮ್ಮಿನ ಪಟ್ಟಿ ತಂದಿದ್ದಳು.

ಆರ್ಮೊಲು ಯಾರನ್ನೂ ಏನೂ ಕೇಳುವುದಿಲ್ಲ, ಎಲ್ಲರ ಬರಹವನ್ನೂ ಒಂದೇ ಅಚ್ಚಿಗೆ ಹಾಕುತ್ತದೆ ಎಂದಳು. ಫೋರ್ಮೊಲು ಅದರದೇ ಕುಡಿ, ಆದರೆ ನಮ್ಮ ಇಷ್ಟ ಕೇಳುತ್ತದೆ. ಸ್ಟೈಲಿಶ್ ಹ್ಯಾಸ್ಕೆಲ್ ಮರ್ಯಾದಸ್ಥ ನೆಂಟನ ಹಾಗೆ, ಅಂಗಳ ಗುಡಿಸಿಕೊಟ್ಟು ಅಡುಗೆಮನೆಗೆ ಕಾಲಿಡುವುದಿಲ್ಲ. ಇನ್ನು ಎಚ್‌ಲಿಂಟ್‌ನ ಕಸುಬೇ ಬೇರೆ. ಅದು ರೂಪ ನೋಡುವುದಿಲ್ಲ, ಇದನ್ನು ಇನ್ನೂ ಸರಳವಾಗಿ ಹೇಳಬಹುದಲ್ಲ ಎಂದು ಸೂಚಿಸುತ್ತದೆ.

ನೀಲಕ್ಕ ಎಲ್ಲ ಕೇಳಿದರು. ಯಾವುದರಿಂದ ಜಗಳ ನಿಲ್ಲುತ್ತದೆ ಎಂದು ಕೇಳಿದರು.

ಅಂಥದೊಂದು ಕಾಲಂ ಪಟ್ಟಿಯಲ್ಲಿ ಇರಲಿಲ್ಲ. ವೈಜಯಂತಿ ಯೋಚಿಸಿದಳು. ಇಷ್ಟ ಕೇಳುವುದನ್ನು ತಂದರೆ ಯಾರ ಇಷ್ಟ ಎಂದು ಜಗಳ. ಅಂಗಳ ಮಾತ್ರ ಗುಡಿಸುವುದನ್ನು ತಂದರೆ ಉಳಿದದ್ದಕ್ಕೆ ಜಗಳ.

“ಆರ್ಮೊಲು, ಅಕ್ಕ. ಅದರಲ್ಲಿ ಯಾರ ಇಷ್ಟಾನೂ ನಡೆಯಲ್ಲ.”

“ಹಂಗಾದ್ರ ಅದ ಇರಲಿ. ಉಳದ ಕಾಲಮ್ ನಿನ್ನ ಖುಷಿಗೆ ಬರದಿ. ಚಂದ ಬರದಿ.”

ವೈಜಯಂತಿಗೆ ನಗು ಬಂತು. ಇದೇ ವಿಷಯಕ್ಕೆ ನಾಲ್ಕು ತಿಂಗಳು ಕೂತಿದ್ದ ಸಮಿತಿಯೊಂದರಲ್ಲಿ ಅವಳು ಕಾಫಿ ಕುಡಿದಿದ್ದಳು. ಇಲ್ಲಿ ಒಂದು ಬುಟ್ಟಿ ಸೇಂಗಾ ಮುಗಿಯುವ ಮೊದಲೇ ತೀರ್ಮಾನವಾಗಿತ್ತು.

ಆ ಹುರುಪಿನಲ್ಲೇ ಬಚ್ಚಿಟ್ಟಿದ್ದ ಉಡುಗೊರೆ ಹೊರತೆಗೆದಳು. ಹೋದ ವಾರವೇ ಹನ್ನೊಂದು ಸಾವಿರ ಸಾಲಿನ ಮೇಲೂ ಆರ್ಮೊಲು ಓಡಿಸಿದ್ದಳು. ಎಚ್‌ಲಿಂಟ್ ಕೊಟ್ಟ ಅರವತ್ತೊಂದು ಸೂಚನೆಗಳನ್ನೂ ಒಪ್ಪಿಕೊಂಡಿದ್ದಳು. ಎಲ್ಲ ಒಂದೇ ಗಂಟಾಗಿ ಚರಿತ್ರೆಗೆ ಸೇರಿಸಿಯೂ ಆಗಿತ್ತು. ಓಡುವ ಪ್ರೋಗ್ರಾಂಗೆ ಹಾಕಲು ಅಕ್ಕನ ಕೀಲಿಯೊಂದು ಬಾಕಿ.

ಚರಿತ್ರೆ ಎಂದರೆ ಪ್ರೋಗ್ರಾಂನ ಜೊತೆಗೇ ಇರುವ ದಫ್ತರ. ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರು, ಯಾಕೆ ಮುಟ್ಟಿದರು ಎಂಬುದು ಅಲ್ಲಿರುತ್ತದೆ.

ನೀಲಕ್ಕ ಉಡಿಯ ಸಿಪ್ಪೆ ಕೊಡವಿದರು. ಸೈರನ್ ಎಷ್ಟು ಹೊತ್ತು ಕೂಗಬೇಕೆಂಬ ಸಾಲು ತೆರೆದು ಓದಲು ಹೇಳಿದರು.

ನಲವತ್ತು ನಿಮಿಷ ಎಂದಿತ್ತು.

“ಯಾಕ ನಲವತ್ತು?”

ಸಾಲಿನಲ್ಲಿ ಕಾರಣವಿರಲಿಲ್ಲ. ವೈಜಯಂತಿ ಚರಿತ್ರೆ ತೆರೆದಳು. ಬರೆದವರು: ವೈಜಯಂತಿ. ಕಾರಣ: ಓರಣ ಮಾಡಿದ್ದು.

ಮೇಲಿನ ಸಾಲು ನೋಡಿದಳು, ಕೆಳಗಿನದು ನೋಡಿದಳು. ಒಳಸರಿತ ನಾಲ್ಕಿದ್ದದ್ದು ಎರಡಾಗಿತ್ತು. ಅಷ್ಟಕ್ಕೇ ಕಣ್ಣು ಹಾಯಿಸಿದಲ್ಲೆಲ್ಲ ಅವಳ ಹೆಸರು ಬಂದು ಕೂತಿತ್ತು.

“ನೀನ ಬರದಿ ಅಂತದ. ಹೇಳು.”

“ಗೊತ್ತಿಲ್ಲ, ಅಕ್ಕ.”

“ಕೀಲಿ ನಿನ್ನ ಕೈಯಾಗ ಅದ ಅಂತ ತಿಳಿ. ಯಾರರೇ ಬಂದು, ಕಿವಿ ಹರೀತದ, ಹತ್ತು ನಿಮಿಷ ಮಾಡು ಅಂದ್ರ?”

ವೈಜಯಂತಿ ಸುಳ್ಳು ಹೇಳಲಿಲ್ಲ.

“ಹತ್ತು ಮಾಡ್ತಿದ್ದೆ.”

ನೀಲಕ್ಕ ಬೈಯಲಿಲ್ಲ. ಬುಟ್ಟಿ ಎತ್ತಿಕೊಂಡು ಎದ್ದರು.

“ಈ ಸಾಲು ನಿನ್ನವಲ್ಲ. ಯಾರ್ಯಾರವೋ ಅವರವರಿಗೆ ಕೊಡು.”

ಬೆಳಗಿನ ಹತ್ತು ಗಂಟೆ. ವೈಜಯಂತಿ ಕಟ್ಟೆಯ ಮೇಲೇ ಕೂತಳು.

ಉಪಾಯ ಅವಳಿಗೆ ತಿಳಿಯದ್ದೇನಲ್ಲ. ದಫ್ತರದ ಒಂದು ನಮೂದನ್ನು ದಾಟಿ ಅದರ ಹಿಂದೆ ನೋಡು ಎಂದು ಚರಿತ್ರೆಗೆ ಹೇಳಬಹುದು. ಆ ನಮೂದಿನ ಗುರುತನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು. ಆದರೆ ಅವಳು ಎರಡೂ ಸಲಕರಣೆಗಳ ಕೆಲಸವನ್ನು ಒಂದೇ ಗಂಟಿಗೆ ಕಟ್ಟಿದ್ದಳು. ಆರ್ಮೊಲು ಬದಲಿಸುವುದು ಉಡುಗೆ. ಅದನ್ನು ದಾಟಿ ನೋಡಿದರೆ ನಷ್ಟವಿಲ್ಲ. ಎಚ್‌ಲಿಂಟ್‌ನ ಸೂಚನೆ ಒಪ್ಪಿದರೆ ಬದಲಾಗುವುದು ಮಾತು. ಮಾತು ಬದಲಿಸಿ, ಅದರ ಮೇಲೆ ಪರದೆ ಎಳೆಯುವುದು ಹೇಗೆ? ಇದನ್ನೇ ಅವಳು ಲಿಸ್ಬನ್ನಿನಲ್ಲಿ ಹೊಸಬರಿಗೆ ಗಂಟೆಗಟ್ಟಲೆ ಬೋಧಿಸಿದ್ದಳು. ಕೀಲಿಯ ಆಸೆಗೆ ತಾನೇ ಮರೆತಿದ್ದಳು.

ಗಂಟು ಬಿಚ್ಚಿದಳು. ಹೋದ ವಾರದ ತನ್ನ ಕೆಲಸವೆಲ್ಲ ಅಳಿಸಿದಳು.

ಆರ್ಮೊಲುವನ್ನು ಮಾತ್ರ ಓಡಿಸಿದಳು. ಅದಕ್ಕೊಂದೇ ನಮೂದು. ಅದರ ಗುರುತನ್ನು ಕಡತದಲ್ಲಿ ಬರೆದಳು.

ಆಮೇಲೆ ಅರವತ್ತೊಂದು ಸೂಚನೆಗಳನ್ನು ಒಂದೊಂದಾಗಿ ಓದಿದಳು. ಆ ಸಾಲು ಬರೆದವರಿಗೆ, ಎಚ್‌ಲಿಂಟ್ ಹೀಗೆ ಕೇಳುತ್ತಿದೆ, ನೀವೇನು ಹೇಳುತ್ತೀರಿ ಎಂದು ಬರೆದಳು. ಬರೆಯುತ್ತ ಬರೆಯುತ್ತ ಆ ಸಲಕರಣೆಯ ಮೇಲೆ ಅವಳಿಗೆ ಹೊಸ ಗೌರವ ಹುಟ್ಟಿತು. ಅದು ತೋರಿಸಿತ್ತು, ಕೆಲವು ಕಡೆ ಎಚ್ಚರಿಕೆಯ ಟಿಪ್ಪಣಿಯನ್ನೂ ಇಟ್ಟಿತ್ತು, ಮತ್ತೆ ಸುಮ್ಮನೆ ಕಾದಿತ್ತು. ಟಿಪ್ಪಣಿ ಓದದೆ ಹೂಂ ಅಂದವಳು ಅವಳು.

ನಡುವೆ ನೀಲಕ್ಕ ರೊಟ್ಟಿ ತಂದಿಟ್ಟು ಹೋದರು. ಅದು ತಣ್ಣಗಾಯಿತು.

ಸಂಜೆ ಐದಕ್ಕೆ ಚರಿತ್ರೆ ತೆರೆದಾಗ ಹೆಸರುಗಳು ಮರಳಿದ್ದವು. ಇಪ್ಪತ್ತಾರು ಜನ. ನಲವತ್ತು ನಿಮಿಷದ ಸಾಲಿನ ಎದುರು ಮಾಳವ್ವ ಪೂಜೇರಿ ಎಂಬ ಹಳೆಯ ಶಿಷ್ಯೆಯ ಹೆಸರಿತ್ತು. ಆರು ವರ್ಷ ಹಿಂದಿನ ನಮೂದು.

‘ನಡುಗಡ್ಡಿ ತುದಿಯಿಂದ ಕುರಿ ಹಿಂಡು ದೋಣಿ ತನಕ ಬರಾಕ ನಲವತ್ತು ನಿಮಿಷ ಬೇಕು. ಮೂರು ಸಲ ನಡದು ನೋಡೀನಿ. ಅಕ್ಕಾರು ಬರದ ಇಪ್ಪತ್ತು ತಪ್ಪು.’

ವೈಜಯಂತಿ ಎರಡು ಸಲ ಓದಿದಳು. ನೀಲಕ್ಕನಿಗೆ ಅಕ್ಷರ ಕಾಣದೆಂದು ಮೂರನೇ ಸಲ ಗಟ್ಟಿಯಾಗಿ ಓದಿದಳು.

ನೀಲಕ್ಕ ಕಣ್ಣು ಮುಚ್ಚಿ ಕೇಳಿದರು. ಅವತ್ತು ಆಕೆಗೆ ಬಾಯಿಗೆ ಬಂದಂತೆ ಬೈದಿದ್ದೆ, ಕುರಿ ಕಾಯುವವಳು ನನಗೆ ಲೆಕ್ಕ ಕಲಿಸುತ್ತೀಯಾ ಅಂದಿದ್ದೆ ಎಂದರು. ಮರುವರ್ಷ ಹೊಳೆ ಏರಿತು. ಕೊನೆಯ ಕುರಿ ದೋಣಿ ಹತ್ತಿದ್ದು ಮೂವತ್ತೆಂಟನೇ ನಿಮಿಷಕ್ಕೆ.

“ಹೊಸದಾಗಿ ಬಂದವರಿಗೆ ಮೊದಲ ಈ ಸಾಲ ತೋರಸ್ತೀನಿ. ಹೋದ ವಾರ ಒಬ್ಬಾಕಿ ಬಂದಿದ್ಲು. ತೋರಸಾಕ ಹೋದ್ರ, ಆಕಿ ನಿನ್ನ ಹೆಸರು ಓದಿದ್ಲು.”

ವೈಜಯಂತಿ ಮತ್ತೆ ಚರಿತ್ರೆಯತ್ತ ತಿರುಗಿದಳು. ಮೊದಲಿನಿಂದ ಕೊನೆಯವರೆಗೆ ತನ್ನ ಹೆಸರು ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿದಳು. ಎರಡು ವರ್ಷದಲ್ಲಿ ತಾನೇ ಬರೆದದ್ದು, ನೀರಿನ ಮಟ್ಟ ಅಳೆಯುವ ಮಾಪಕ ಕೆಟ್ಟರೆ ಏನು ಮಾಡಬೇಕೆಂಬುದು. ಒಂದೊಂದರ ಕಾರಣವೂ ಅವಳಿಗೆ ನೆನಪಿತ್ತು. ಎಣಿಸಿದಳು. ಆ ಎಣಿಕೆ ಹಿಡಿದು ಕೀಲಿಯ ಮಾತೆತ್ತುವುದು ಹೇಗೆ?

“ನನ್ನವು ಏಳೇ ಸಾಲು, ಅಕ್ಕ.”

ನೀಲಕ್ಕ ಅವಳ ಪಕ್ಕದಲ್ಲಿ ಕೂತರು. ತಣ್ಣಗಾದ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟರು.

“ಮುಂಜಾನೆ ನಿನ್ನವು ಹನ್ನೊಂದು ಸಾವಿರ ಇದ್ದಾಗ ನಿನಗ ಕೀಲಿ ಕೊಡಾಕ ಬರತಿರಲಿಲ್ಲ.”