ಇಬ್ಬರಿಗೂ ಒಂದೇ ಗಡಿಗೆ

ಸುಗ್ಗಿಯ ತಿಂಗಳ ಹನ್ನೆರಡನೆಯ ದಿನ. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬಿದ್ದಿರಲಿಲ್ಲ. ಗ್ರೀಕರ ಒಂದು ನಗರದಲ್ಲಿ ಶಿಷ್ಯ ಎವಾಂದ್ರ ತನ್ನ ಗುರುವನ್ನು ಕೇಳಿದ:

"ಗುರುಗಳೇ, ತನ್ನ ಪಾಲಿನ ಕೆಲಸವನ್ನು ತಾನು ಮಾಡಿ, ಇನ್ನೊಬ್ಬರದಕ್ಕೆ ಕೈಹಾಕದಿರುವುದೇ ನ್ಯಾಯ ಎನ್ನುತ್ತಾರೆ. ಅಷ್ಟು ಪಾಲಿಸಿದರೆ ಸಾಕೇ?"

ಮರುದಿನ ಅವನು ಮೊದಲ ಸಲ ನ್ಯಾಯಸಭೆಯಲ್ಲಿ ಕೂರುವವನಿದ್ದ. ಸಾಕು ಎಂದಿದ್ದರೆ ನೆಮ್ಮದಿಯಿಂದ ಎದ್ದು ಹೋಗುತ್ತಿದ್ದ.

ಗುರುಗಳು ಹೇಳಿದರು:

"ಒಬ್ಬ ಕುಂಬಾರನಿದ್ದ. ದೇವಾಲಯದ ಬೆಳ್ಳಿಯ ಬಟ್ಟಲು ಕದ್ದನೆಂದು ಒಬ್ಬ ವರ್ತಕ ಅವನ ಮೇಲೆ ದೂರು ಕೊಟ್ಟ. ರುಜುವಾತಾದರೆ ಮರಣದಂಡನೆ. ಬಟ್ಟಲು ಕಳವಾದ ಹೊತ್ತಿನಲ್ಲಿ ಕುಂಬಾರ ಮಡಕೆ ಸುಡುವ ಆವಿಗೆಯ ಮುಂದೆ ಇದ್ದ. ಪಕ್ಕದಲ್ಲಿ ನೆರೆಯವನೊಬ್ಬ ಕುಳಿತು ಹರಟುತ್ತಿದ್ದ. ಅವನನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಆ ಊರಿನ ಕಟ್ಟಳೆ ಹೀಗಿತ್ತು. ವಾದಿ ಪ್ರತಿವಾದಿ ಇಬ್ಬರಿಗೂ ತೂತಿನ ಗಡಿಗೆಯಲ್ಲಿ ಒಂದೇ ಅಳತೆಯ ನೀರು. ಅದು ಸೋರಿ ಮುಗಿಯುವುದರೊಳಗೆ ಮಾತು ಮುಗಿಯಬೇಕು. ಸಾಕ್ಷಿಯನ್ನು ಹೆಸರು ಹಿಡಿದು ಕರೆಯಬೇಕು. ಕರೆಯದೆ ಯಾರೂ ಬಾಯಿ ತೆರೆಯುವಂತಿಲ್ಲ.

ವರ್ತಕ ಮಾತುಗಾರ. ಅವನು ಮುಗಿಸಿದಾಗ ಗಡಿಗೆಯಲ್ಲಿ ಇನ್ನೂ ನೀರಿತ್ತು. ಕುಂಬಾರನಿಗೆ ತೊದಲು. ನೆರೆಯವನ ಹೆಸರಿನ ಮೊದಲ ಅಕ್ಷರದಲ್ಲೇ ನಾಲಗೆ ಸಿಕ್ಕಿಕೊಂಡಿತು. 'ಏ ಕುಂಬಾರ, ಮಾತನ್ನೂ ಆವಿಗೆಗೆ ಇಟ್ಟು ತೆಗೀಬೇಕೇನೋ?' ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

'ಸ್ವ... ಸ್ವಲ್ಪ ತಡಿ, ಅಣ್ಣಾ' ಎಂದು ಅವನು ಗಡಿಗೆಯ ಬಳಿ ನಿಂತು ನೀರು ಬಿಡುವವನನ್ನು ಬೇಡಿಕೊಂಡ.

ನೀರು ಬಿಡುವವನು ಕೆಟ್ಟವನಲ್ಲ. 'ತೂತಿಗೆ ಬೆರಳು ಇಟ್ಟರೆ ಆ ಕಡೆಯವರಿಗೆ ಅನ್ಯಾಯ ಮಾಡಿದ ಹಾಗೆ ಆಗ್ತದಪ್ಪಾ' ಎಂದ.

ಕೊನೆಯ ಹನಿ ಬಿತ್ತು. ನ್ಯಾಯಗಾರರು ಕಿವಿಗೆ ಬಿದ್ದದ್ದನ್ನಷ್ಟೇ ತೂಗಿ ಮತ ಹಾಕಿದರು. ಯಾರೂ ಲಂಚ ಮುಟ್ಟಲಿಲ್ಲ. ಯಾರೂ ಇನ್ನೊಬ್ಬರ ಕೆಲಸಕ್ಕೆ ಕೈಹಾಕಲಿಲ್ಲ."

ಕುಂಬಾರ ಹೇಗಾದರೂ ಉಳಿದಿರಲಿ ಎಂದು ಎವಾಂದ್ರನ ಮನಸ್ಸು ಹಂಬಲಿಸಿತು.

"ಆ ನೆರೆಯವನು ಅಂದು ಸಭೆಗೆ ಬಂದಿರಲಿಲ್ಲವೇ?"

"ಬಂದಿದ್ದ. ಮುಂದಿನ ಸಾಲಿನಲ್ಲೇ ನಿಂತಿದ್ದ. ಕುಂಬಾರ ಯಾರ ಹೆಸರಿಗಾಗಿ ಒದ್ದಾಡುತ್ತಿದ್ದಾನೆ ಎಂಬುದೂ ಅವನಿಗೆ ಗೊತ್ತಿತ್ತು. ಕರೆಯಲಿ ಎಂದು ಕಾದ."

"ಕಡೆಗೆ?"

ಗುರುಗಳು ಹೇಳಿದರು:

"ಕುಂಬಾರನಿಗೆ ವಿಷ ಕುಡಿಸಿದ ದಿನ ನಾನು ಸೆರೆಮನೆಗೆ ಹೋಗಿದ್ದೆ, ಅಲ್ಲಿಗೆ ಮಾತ್ರ ಯಾರೂ ಕರೆಯದೆಯೇ ಹೋದೆ."