ನೇರವಾಗಿ ಬಂದ ಕರೆ

ಕಪಿಲಾ ನದಿಯ ದಡದಲ್ಲಿ ಗುರುಸಿದ್ಧ ಸ್ವಾಮಿಗಳ ಆಶ್ರಮವಿತ್ತು. ಎಲ್ಲರೂ ಅವರನ್ನು ‘ಬುದ್ದಿ’ ಎನ್ನುತ್ತಿದ್ದರು.

ಶಿಷ್ಯ ಶಂಭುಲಿಂಗ ಹಿಂದೆ ಕಂಪನಿಯೊಂದರಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಿದ್ದವನು. ಅಡುಗೆ ಮನೆ, ಗೋಶಾಲೆ, ಗುರುಗಳ ಕೋಣೆ ಎಲ್ಲ ಕಡೆಯ ಫೋನುಗಳನ್ನೂ ಆಶ್ರಮದ ಆಫೀಸಿನ ಒಂದೇ ಕಂಪ್ಯೂಟರಿಗೆ ಜೋಡಿಸಿದ್ದ. ಹೊರಗಿನ ಕರೆಯೂ ಅದರ ಮೂಲಕವೇ ಬರಬೇಕು.

ಆದರೆ ಮಾತು ತುಂಡುತುಂಡಾಗಿ, ತಡವಾಗಿ ಕೇಳಿಸುತ್ತಿತ್ತು.

“ಅಡುಗೆ ಮನೆಯ ಗೌರಮ್ಮ ಏನೋ ಕೇಳ್ತಾಳೆ, ನಾನು ಹೂಂ ಅಂತೀನಿ. ಅಷ್ಟರಲ್ಲಿ ಅವಳು ಇನ್ನೊಂದು ಕೇಳಿರ್ತಾಳೆ. ನಿನ್ನೆ ಹೀಗೇ ಎರಡು ಸಲ ಉಪ್ಪಿಟ್ಟು ಬಂತು,” ಎಂದರು ಗುರುಗಳು. “ಮಾತು ಎಲ್ಲಿ ನಿಂತುಬಿಡ್ತದೆ?”

“ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇರೋ ಹಾಗೆ ಮಾಡಿದ್ದೀನಿ, ಬುದ್ದಿ. ಫೋನಿನ ಸಾಫ್ಟ್‌ವೇರ್ ಅದರೊಳಗಿದೆ. ಪ್ರತಿ ಮಾತೂ ಎರಡನ್ನೂ ದಾಟಿ ಬರಬೇಕು.”

“ನೇರವಾಗಿ ಹೊರಗಿನದರಲ್ಲೇ ಹಾಕೋಕೆ ಆಗಲ್ವಾ?”

“ಆಗ್ತದೆ. ಏನಾದರೂ ಕೆಟ್ಟರೆ ಹೊರಗಿನದಕ್ಕೆ ತಾಗಬಾರದು ಅಂತ ಹೀಗೆ ಮಾಡಿದೆ.”

“ಇದುವರೆಗೆ ಕೆಟ್ಟಿದೆಯಾ?”

“ಇಲ್ಲ.”

“ಹಾಗಾದರೆ ತೆಗೆದುಬಿಡಪ್ಪ.”

ಶಂಭುಲಿಂಗ ಒಳಗಿನದನ್ನು ಅಳಿಸಿ, ಸಾಫ್ಟ್‌ವೇರನ್ನು ನೇರವಾಗಿ ಕಂಪ್ಯೂಟರಿನಲ್ಲೇ ಕೂರಿಸಿದ. ಸೂಚನೆಗಳನ್ನೆಲ್ಲ ಹೊಸದಾಗಿ ಕೊಡಬೇಕಾಯಿತು. ಮೊದಲು ಕೋಣೆಗಳ ಫೋನು ಜೋಡಿಸಿದ. ಪರೀಕ್ಷೆಗೆಂದು ಹೊರಗಿನ ಕರೆಗಳನ್ನು ಗುರುಗಳ ಕೋಣೆಗೆ ತಿರುಗಿಸಿದ. ಒಂದು ಸೂಚನೆ ಮಾತ್ರ ಬಾಕಿ ಉಳಿಯಿತು. ಅದು ಅವನಿಗಲ್ಲದೆ ಇನ್ಯಾರಿಗೂ ತಿಳಿದಿರಲಿಲ್ಲ.

ಅವನ ಅಕ್ಕ ದಾಕ್ಷಾಯಿಣಿಯ ನಂಬರಿನಿಂದ ಕರೆ ಬಂದರೆ ಯಾವ ಫೋನೂ ಬಡಿದುಕೊಳ್ಳಬಾರದು. ರೆಕಾರ್ಡ್ ಮಾಡಿಟ್ಟ ಒಂದು ಮಾತು ಅವಳಿಗೆ ಕೇಳಿಸಬೇಕು. ಅವ್ವ ಮಣ್ಣಾದ ದಿನ ಅಕ್ಕ ಎಲ್ಲರೆದುರು, “ಅವ್ವ ಕರೆದಾಗ ಬರದವನು ಈಗ ಯಾಕೆ ಬಂದೆ?” ಎಂದು ಕೇಳಿದ್ದಳು. ಆಮೇಲೆ ಅವನು ಆ ದನಿ ಕೇಳಲು ಒಪ್ಪಿರಲಿಲ್ಲ.

ಮಾತು ಹೇಗೆ ಕೇಳಿಸುತ್ತದೆಂದು ನೋಡಲು ಅವನು ಗುರುಗಳ ಕೋಣೆಗೆ ಹೋದ. ಅವರು ಅಡುಗೆ ಮನೆಗೆ ಫೋನು ಮಾಡಿದರು.

“ಗೌರಮ್ಮನ ಬಳೆ ಸದ್ದೂ ಕೇಳಿಸ್ತಿದೆಯಲ್ಲೋ!” ಎಂದು ನಕ್ಕು ಇಟ್ಟರು.

ಇಟ್ಟ ಕೂಡಲೇ ಫೋನು ಮತ್ತೆ ಬಡಿದುಕೊಂಡಿತು. ಅದರ ಪುಟ್ಟ ಪರದೆಯ ಮೇಲೆ ಅಕ್ಕನ ನಂಬರಿತ್ತು. ಶಂಭುಲಿಂಗ ಕರೆ ಕತ್ತರಿಸಲು ಕೈ ಚಾಚಿದ. ಅಷ್ಟರಲ್ಲಿ ಗುರುಗಳು ಎತ್ತಿಕೊಂಡಿದ್ದರು.

“ಹೇಳಿ ತಾಯಿ… ಹೌದು, ಆಶ್ರಮವೇ… ನಿಧಾನವಾಗಿ ಹೇಳಿ, ನನಗೇನೂ ಅವಸರ ಇಲ್ಲ.”

ಬಹಳ ಹೊತ್ತು ಅವರು ಕೇಳುತ್ತಲೇ ಇದ್ದರು. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿದರು.

“ನೀನು ಯಾವಾಗ ಮೌನವ್ರತ ಹಿಡಿದಿದ್ದೆ, ಮಗಾ?”

ಶಂಭುಲಿಂಗ ತಲೆ ತಗ್ಗಿಸಿದ.

“ನಿನ್ನಕ್ಕ ಫೋನು ಮಾಡಿದಾಗೆಲ್ಲ ‘ಶಂಭುಲಿಂಗ ಮೌನದಲ್ಲಿದ್ದಾರೆ’ ಅಂತ ಕೇಳಿಸ್ತಿತ್ತಂತೆ. ಹಾಗಂತ ಹೇಳ್ತಿದ್ದದ್ದು ನಿನ್ನದೇ ದನಿಯಂತೆ.”

“ತಪ್ಪಾಯ್ತು, ಬುದ್ದಿ. ಆದರೆ ಅವಳು ಮತ್ತೆ ಅದನ್ನೇ ಕೇಳ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.”

“ಸಿಟ್ಟಾಗೋಕೆ ಕರೆದಿದ್ದಲ್ಲ ಅವಳು. ಗಂಟಲಲ್ಲಿ ಗೆಡ್ಡೆಯಾಗಿದೆಯಂತೆ. ನಾಳೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡ್ತಾರಂತೆ.”

ಶಂಭುಲಿಂಗ ಅಲ್ಲೇ ನೆಲದ ಮೇಲೆ ಕುಳಿತ. ಗುರುಗಳು ಅವನ ಪಕ್ಕದಲ್ಲೇ ಕುಳಿತು ರಿಸೀವರ್ ಅವನ ಕೈಗಿಟ್ಟರು. ಅದರಿಂದ ಒಡೆದುಹೋದ ದನಿಯೊಂದು ಕೇಳಿಸುತ್ತಿತ್ತು: “ಶಂಭೂ… ಇದ್ದೀಯೇನೋ?”



“ಏನು ಮಾತಾಡಲಿ, ಬುದ್ದಿ?”

ಗುರುಗಳು ರಿಸೀವರನ್ನು ಮೆಲ್ಲಗೆ ಅವನ ಕಿವಿಗೆ ಒತ್ತಿದರು.

“ಮಾತಾಡೋಕೆ ನಿನಗೆ ನಾಳೆಯೂ ಇದೆ. ಈಗ ಕೇಳು.”