ರೊಟ್ಟಿ ಓಣಿಯ ಆಣೆ

ಪುರಸಭೆ ಚುನಾವಣೆಗೆ ನಿಂತಿದ್ದ ಮಲಕಾಜಪ್ಪ ಸಾಹುಕಾರರು ರೊಟ್ಟಿ ಓಣಿಗೆ ಬಂದವರೇ ಗುಡುಗಿದರು. "ನನಗೇ ಓಟು ಹಾಕ್ತೀವಂತ ಎಲ್ಲವ್ವ ದೇವಿ ಮ್ಯಾಲೆ ಆಣಿ ಮಾಡ್ರಿ. ಇಲ್ಲಾಂದ್ರ ಈ ಓಣಿ ನಳಕ್ಕ ನೀರು ಬರೂದಿಲ್ಲ!"

ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಕೈ ನಿಂತವು. ಅವರಲ್ಲಿ ಹಿರಿಯಳಾದ ಗುರಸಿದ್ದವ್ವ ಮಾತ್ರ ಹಿಟ್ಟು ಹತ್ತಿದ ಕೈ ಮುಗಿದಳು. "ಅದಕ್ಕಿಂತ ಗಟ್ಟಿ ಆಣಿ ಮಾಡ್ತೀವಿ ಸಾಹುಕಾರ್ರ. ನಿಮ್ಮ ವೈರಿ ದಾನಪ್ಪಗ ಸತ್ತರೂ ಹಾಕೂದಿಲ್ಲಂತ ಇಡೀ ಓಣಿ ಆಣಿ ಮಾಡ್ತೈತಿ."

ಕಣದಲ್ಲಿದ್ದವರು ಇಬ್ಬರೇ. ದಾನಪ್ಪನಿಗಿಲ್ಲವೆಂದರೆ ತಮಗೇ ಎಂದುಕೊಂಡು, ಅಷ್ಟೇ ಆಣೆ ಮಾಡಿಸಿಕೊಂಡ ಸಾಹುಕಾರರು ಮೀಸೆ ತಿರುವುತ್ತ ಹೋದರು.

ಎಣಿಕೆಯಲ್ಲಿ ಅವರು ಹೇಗೋ ಗೆದ್ದರು. ಆದರೆ ರೊಟ್ಟಿ ಓಣಿಯ ಮತಗಟ್ಟೆಯಲ್ಲಿ ಅವರಿಗೆ ಬಿದ್ದದ್ದು ಸೊನ್ನೆ! ಕೊರಳ ಹಾರವನ್ನೂ ತೆಗೆಯದೆ ಓಡಿ ಬಂದರೆ, ಅಲ್ಲಿ ದಾನಪ್ಪ ಆಗಲೇ ಕೂಗಾಡುತ್ತಿದ್ದ. "ಸಾಹುಕಾರಗ ಹಾಕೂದಿಲ್ಲಂತ ಆಣಿ ಮಾಡಿ, ನನಗ ಒಂದೂ ಓಟು ಹಾಕಿಲ್ಲಲ್ಲಬೇ!"

ಸಾಹುಕಾರರು ಗುರಸಿದ್ದವ್ವನತ್ತ ತಿರುಗಿದರು. "ಇವಗೂ ಆಣಿ ಮಾಡಿದ್ರ್ಯಾ? ಹಂಗಾರ ಓಟು ಯಾರಿಗೆ ಹಾಕಿದ್ರಿ?"

"ಇವರೂ ನಳಾ ಬಂದ್ ಮಾಡಿಸ್ತೀನಂದ್ರು, ಮಾಡಿದ್ವಿ," ಎಂದಳು ಗುರಸಿದ್ದವ್ವ. "ಎಲ್ಲವ್ವನ ಆಣಿ ಮುರಿಯಾಕ ಬರತೈತೇನ್ರಿ? ಮಷಿನ್‌ನ್ಯಾಗ ಕಡೀಕ ನೋಟಾ ಗುಂಡಿ ಇತ್ತು, ಯಾರೂ ಬ್ಯಾಡ ಅನ್ನೂದು. ಎಲ್ಲಾರೂ ಅದನ್ನ ಒತ್ತಿ ಬಂದ್ವಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರರು ಕೊರಳ ಹಾರ ತೆಗೆದು ಕೈಯಲ್ಲಿ ಹಿಡಿದರು.

ಗುರಸಿದ್ದವ್ವ ಮೆಲ್ಲಗೆ ಹೇಳಿದಳು. "ಹೆದರಿಸಿ ಆಣಿ ಕೇಳಿದ್ರಿ, ಆಣಿ ಕೊಟ್ವಿ. ಕೈ ಮುಗಿದು ಓಟು ಕೇಳಿದ್ದರ, ಓಟು ಕೊಡ್ತಿದ್ವಿ."